ಹಗುರವಾದ ಪೆಟ್ಟಿಗೆ



ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಕೇಳಿದಾಗ, ಬಹುವರ್ಷ ಹೊಲಿಗೆಯನ್ನೂ ಆರೋಗ್ಯಶಾಸ್ತ್ರವನ್ನೂ ಕಲಿಸಿದವಳಾದಕಾರಣ, ಆ ಎರಡಕ್ಕೂ ಸೇರಿದ ಒಂದು ವಿಷಯವನ್ನು ಆರಿಸಿಕೊಂಡೆನು. ತುಮಕೂರು, ಗುಬ್ಬಿ, ಕುಣಿಗಲ್ ಈ ಮೂರು ಕಡೆಗಳಿಂದ ನಮ್ಮ ಹುಡುಗಿಯರು ದಾದಿಯರ ಕೆಲಸ ಕಲಿಯುವದಕ್ಕೂ, ಉಪಾಧ್ಯಾಯಿನಿಯರಾಗುವದಕ್ಕೂ, ಈಚೆಗೆ ನಾನಾ ತರದ ಉದ್ಯೋಗಗಳಿಗೂ ದೂರದೇಶಗಳಿಗೆ ಹೊರಡುತ್ತಾರೆ. ಹೊರಡುವ ಹುಡುಗಿಯ ಪೆಟ್ಟಿಗೆಯಲ್ಲಿ ಯಾವ ಯಾವ ಬಟ್ಟೆ ಇರತಕ್ಕದ್ದು, ಎಷ್ಟು ಇರತಕ್ಕದ್ದು ಎಂಬದೇ ಈ ಪಾಠ. ಇದು ಅಲ್ಪವಾದ ವಿಷಯವೆಂದು ಕೆಲವರಿಗೆ ತೋಚಬಹುದು. ನನಗೂ ಒಂದು ಕಾಲದಲ್ಲಿ ಹಾಗೆಯೇ ತೋಚಿತ್ತು.

ಸತ್ಯವೇದದಲ್ಲಿ ಪ್ರಯಾಣದ ಬಟ್ಟೆಯ ವಿಷಯವಾಗಿ ಒಂದಕ್ಕೊಂದು ಎದುರಾಗಿ ಕಾಣುವ ಎರಡು ಸಂಗತಿಗಳುಂಟು. ಕರ್ತನು ಹನ್ನೆರಡು ಮಂದಿ ಶಿಷ್ಯರನ್ನು ಕಳುಹಿಸುವಾಗ ಎರಡನೆಯ ಅಂಗಿಯನ್ನು ತೆಗೆದುಕೊಂಡು ಹೋಗಕೂಡದೆಂದು ಅಪ್ಪಣೆಕೊಟ್ಟನು. ಪೌಲನಾದರೋ ಸೆರೆಯಲ್ಲಿದ್ದುಕೊಂಡು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ತ್ರೋವ ಎಂಬ ಊರಿನಲ್ಲಿ ಕರ್ಪನ ಬಳಿ ಬಿಟ್ಟುಬಂದ ತನ್ನ ಮೇಲಂಗಿಯನ್ನು ತರುವಂತೆ ಕೇಳಿಕೊಳ್ಳುತ್ತಾನೆ. ಚಳಿಗಾಲವು ಬರುವದಕ್ಕೆ ಮೊದಲೇ ಹೊರಟುಬರುವಂತೆಯೂ ಅವಸರಪಡಿಸುತ್ತಾನೆ. ಬೋಧಕರು ಇವುಗಳಿಂದ ದೊಡ್ಡ ಅರ್ಥಗಳನ್ನು ತೆಗೆಯುವರು. ಹೊಲಿಗೆಯ ಟೀಚರಮ್ಮನಾದ ನನಗೆ ಕಾಣುವದು ಇಷ್ಟೇ: ಹೆಚ್ಚಾದ ಅಂಗಿಯನ್ನು ಮನೆಯಲ್ಲಿ ಬಿಡುವದು ಸುಲಭ, ಬಿಡಬಾರದ ಒಂದು ಮೇಲಂಗಿ ಯಾವದು ಎಂದು ಮೊದಲೇ ತಿಳಿಯುವದು ಕಷ್ಟ. ಅಷ್ಟು ದೇಶಗಳನ್ನು ಸುತ್ತಿದ ಅಪೊಸ್ತಲನಿಗೇ ಅದು ತಪ್ಪಿಹೋಯಿತು.

ನನಗೂ ತಪ್ಪಿತು, ಆದರೆ ಅದರ ಫಲವನ್ನು ಉಂಡವಳು ನಾನಲ್ಲ. 1970ರ ದಶಕದ ಕೊನೆಯಲ್ಲಿ ಗುಬ್ಬಿಯ ಕಡೆಯ ಹಳ್ಳಿಯ ಒಬ್ಬ ಹುಡುಗಿಯು ಉತ್ತರದೇಶದ ಒಂದು ಊರಿಗೆ ದಾದಿಯ ಕೆಲಸ ಕಲಿಯಲು ಹೊರಟಳು. ಆ ಮನೆಯಿಂದ ಅಷ್ಟು ದೂರ ಹೋದವರು ಅದುವರೆಗೆ ಯಾರೂ ಇರಲಿಲ್ಲ. ತಾಯಿಯು ಸಾಲಮಾಡಿ ಹಸಿರು ಬಣ್ಣದ ಹೊಸ ತಗಡಿನ ಟ್ರಂಕನ್ನು ಕೊಂಡು, ಮಗಳು ಪರರ ಮುಂದೆ ಬಡವಳೆಂದು ಕಾಣಬಾರದೆಂದು ಒಂಬತ್ತು ಸೀರೆಗಳನ್ನು ಅದರಲ್ಲಿ ಇಟ್ಟಳು. ಹೆಚ್ಚಿನವು ಆ ಕಾಲದಲ್ಲಿ ಹೊಸತಾಗಿ ಹಬ್ಬಿದ್ದ ನೈಲಾನು, ಪೋಲಿಯೆಸ್ಟರುಗಳು. ಇನ್ನೇನು ಬೇಕೆಂದು ಆಕೆ ನನ್ನನ್ನು ಕೇಳಿದಾಗ ನಾನೇ ಒಂದು ಪಟ್ಟಿಯನ್ನು ಬರೆದುಕೊಟ್ಟೆನು. ನಾನಾದರೋ ತುಂಗಭದ್ರೆಯನ್ನು ದಾಟಿ ಹೋದವಳೇ ಅಲ್ಲ. ಪಟ್ಟಿಯಲ್ಲಿ ಚಳಿಗೆಂದು ಬರೆದದ್ದು ಒಂದೇ ಮಾತು: ಒಂದು ಶಾಲು.

ಜನವರಿ ತಿಂಗಳಲ್ಲಿ ಅವಳ ಕಾಗದ ಬಂತು. ಶಾಲೆಯ ಸಮಾಚಾರವನ್ನೆಲ್ಲಾ ವಿಚಾರಿಸಿ, ಕಡೆಯಲ್ಲಿ ನಗೆಯ ಮಾತಿನಂತೆ, ತಾನು ರಾತ್ರಿಯಲ್ಲಿ ನಾಲ್ಕು ಸೀರೆಗಳನ್ನು ಒಂದರ ಮೇಲೊಂದು ಸುತ್ತಿಕೊಂಡು ಮಲಗುತ್ತಿರುವದಾಗಿಯೂ, ಆದರೂ ಕಾಲುಗಳು ಬೆಚ್ಚಗಾಗುವದಿಲ್ಲವೆಂದೂ ಬರೆದಿದ್ದಳು. ಎರಡು ತಿಂಗಳಿಂದ ಹಾಗೆಯೇ ನಡೆದಿತ್ತು. ಸ್ವೆಟರಿಗೆ ಹಣ ಬೇಕೆಂದು ಮನೆಗೆ ಬರೆದರೆ, ಟ್ರಂಕಿನ ಸಾಲವೇ ತೀರದಿರುವ ತಾಯಿಯು ನೊಂದಾಳೆಂದು ಅವಳು ಸುಮ್ಮನಿದ್ದಳು. ಕಾಗದ ನನ್ನ ಕೈಗೆ ಬರುವಷ್ಟರಲ್ಲಿ ಅವಳು ಎದೆಯ ಶೀತದಿಂದ ಆಸ್ಪತ್ರೆಯಲ್ಲಿ, ತಾನು ಸೇವೆಮಾಡಬೇಕಾದ ವಾರ್ಡಿನಲ್ಲಿಯೇ, ರೋಗಿಯಾಗಿ ಮಲಗಿದ್ದಳು. ಗುಣವಾದಳು; ಕಲಿಕೆಯನ್ನು ಮುಗಿಸಿದಳು; ಬಹಳ ವರ್ಷ ಒಳ್ಳೆಯ ಹೆಸರು ಪಡೆದು ನಿವೃತ್ತಳಾದಳು. ಆದರೆ ಆ ಪಟ್ಟಿಯು ನನ್ನ ಕೈಬರಹದ್ದು ಎಂಬದನ್ನು ನಾನು ಮರೆತಿಲ್ಲ. ಆ ಮೇಲೆ ಎಲ್ಲಿಗೆ ಯಾವ ಹುಡುಗಿ ಹೊರಟರೂ ಆ ಊರಿನ ಹವೆಯನ್ನು ವಿಚಾರಿಸದೆ ಪಟ್ಟಿ ಬರೆದವಳಲ್ಲ.

ನಮ್ಮವರಿಗೆ ಈ ತಪ್ಪು ಯಾಕೆ ಬರುತ್ತದೆಂದರೆ, ನಮ್ಮ ಸೀಮೆಯ ಹವೆಯು ನಮ್ಮನ್ನು ಮುದ್ದುಮಾಡಿ ಬೆಳೆಸಿದೆ. ತುಮಕೂರು ಸಮುದ್ರಮಟ್ಟಕ್ಕಿಂತ ಸುಮಾರು 800 ಮೀಟರ್ ಎತ್ತರದಲ್ಲಿದೆ. ಬೇಸಗೆಯಲ್ಲಿ ಬಿಸಿಲು ಹೆಚ್ಚಿದರೂ ರಾತ್ರಿ ಗಾಳಿ ತಂಪಾಗುವದು. ಚಳಿಗಾಲದ ರಾತ್ರಿಗಳಲ್ಲಿ ಉಷ್ಣಮಾನವು ಸಾಧಾರಣವಾಗಿ 15 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವದು. ಮಳೆಯೋ, ಕೆರೆ ತುಂಬಿದರೆ ಹಬ್ಬ ಮಾಡುವಷ್ಟು ಮಾತ್ರ. ವರ್ಷಕ್ಕೆ ಆಗುಂಬೆಯಲ್ಲಿ 7000 ಮಿಲ್ಲಿಮೀಟರಿಗೂ ಮಂಗಳೂರಿನಲ್ಲಿ 3000ಕ್ಕೂ ಹೆಚ್ಚು ಬೀಳುವಲ್ಲಿ, ನಮ್ಮಲ್ಲಿ ಅದರ ಒಂದು ಸಣ್ಣ ಪಾಲು. ಹೀಗಿರುವಲ್ಲಿ, ಇಲ್ಲಿ ಬೆಳೆದವಳಿಗೆ ನಿಜವಾದ ಸೆಕೆಯೂ ಗೊತ್ತಿಲ್ಲ, ನಿಜವಾದ ಚಳಿಯೂ ಗೊತ್ತಿಲ್ಲ, ಬಿಡದೆ ಸುರಿಯುವ ಮಳೆಯೂ ಗೊತ್ತಿಲ್ಲ. ತಿಳಿಯದವಳು ಏನು ಮಾಡುವಳು? ಹವೆಯನ್ನು ಎಣಿಸದೆ ಹಬ್ಬಗಳನ್ನು ಎಣಿಸಿ ಪೆಟ್ಟಿಗೆಯನ್ನು ತುಂಬುವಳು.

ಆದದರಿಂದ ಮೊದಲು ಊರಿನ ಹವೆಯನ್ನು ತಿಳಿಯಬೇಕು. ಒಂದು ಸಣ್ಣ ಲೆಕ್ಕವನ್ನು ಕಲಿತರೆ ಭೂಪಟದಿಂದಲೇ ಅರ್ಧ ತಿಳಿಯುವದು. 1000 ಮೀಟರ್ ಮೇಲೆ ಹತ್ತಿದರೆ ಗಾಳಿಯು ಸುಮಾರು 6 ಡಿಗ್ರಿ ತಂಪಾಗುವದು. ಉದಕಮಂಡಲವು 2200 ಮೀಟರಿಗಿಂತ ಎತ್ತರದಲ್ಲಿದೆ. ಅಂದರೆ ನಮಗಿಂತ 1400 ಮೀಟರ್ ಮೇಲೆ. ನಮ್ಮಲ್ಲಿ 15 ಡಿಗ್ರಿಯ ರಾತ್ರಿಯಾದರೆ ಅಲ್ಲಿ 6 ಅಥವಾ 7. ಮೋಡವಿಲ್ಲದ ಜನವರಿಯ ರಾತ್ರಿಯಲ್ಲಿ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವದೂ ಉಂಟು. ವೇಲೂರು ನಮಗಿಂತ 600 ಮೀಟರ್ ಕೆಳಗಿದೆ. ಅಲ್ಲಿ ಡಾಕ್ಟರ್ ಐಡಾ ಸ್ಕಡರ್‌ರವರು 1900ರಲ್ಲಿ ಒಂದೇ ಹಾಸಿಗೆಯಿಂದ ಆರಂಭಿಸಿ, 1909ರಲ್ಲಿ ದಾದಿಯರಿಗೂ 1918ರಲ್ಲಿ ವೈದ್ಯ ಕಲಿಯುವ ಸ್ತ್ರೀಯರಿಗೂ ಶಾಲೆಗಳನ್ನು ತೆರೆದ ಆಸ್ಪತ್ರೆಯುಂಟು. ಮೇ ತಿಂಗಳಲ್ಲಿ ಅಲ್ಲಿನ ಬಿಸಿಲು 40 ಡಿಗ್ರಿಯನ್ನು ಮುಟ್ಟುವದು ಹೊಸದಲ್ಲ.

ಎತ್ತರದ ಲೆಕ್ಕವು ದಕ್ಷಿಣದಲ್ಲಿ ಮಾತ್ರ ಸರಿಯಾಗಿ ನಡೆಯುವದು. ಪಂಜಾಬಿನ ಲುಧಿಯಾನವು ನಮಗಿಂತ ಕೆಳಗಿದ್ದರೂ ಉತ್ತರಕ್ಕೆ ಬಹುದೂರವಿದೆ, ಸಮುದ್ರದಿಂದಲೂ ದೂರ. 1894ರಲ್ಲಿ ಡಾಕ್ಟರ್ ಈಡಿತ್ ಬ್ರೌನ್‌ರವರು ಕ್ರೈಸ್ತ ಸ್ತ್ರೀಯರಿಗಾಗಿ ವೈದ್ಯಶಾಲೆಯನ್ನು ಸ್ಥಾಪಿಸಿದ ಆ ಊರಿನಲ್ಲಿ ಜೂನ್ ತಿಂಗಳು ವೇಲೂರಿನಂತೆ ಸುಡುವದು, ಜನವರಿಯ ರಾತ್ರಿಯು ಉದಕಮಂಡಲದಂತೆ ಕೊರೆಯುವದು. ಹಗಲು ಮಂಜು ಕವಿದು ಬಿಸಿಲೇ ಕಾಣದ ದಿನಗಳೂ ಬರುವವು. ಒಂದೇ ಪೆಟ್ಟಿಗೆಯಲ್ಲಿ ಎರಡು ದೇಶಗಳಿಗೆ ಬಟ್ಟೆ ಬೇಕು. ಮಳೆಯ ಕಾಲವನ್ನೂ ವಿಚಾರಿಸಿರಿ. ಅಕ್ಟೋಬರಿನಲ್ಲಿ ನಮ್ಮ ಮಳೆ ಮುಗಿಯುತ್ತಾ ಬರುವಾಗ ಚೆನ್ನೈಯ ದೊಡ್ಡ ಮಳೆ ಆರಂಭವಾಗುವದು. ಅದು ಡಿಸೆಂಬರಿನವರೆಗೂ ನಡೆಯುವದು. ದಸರಾ ರಜೆ ಮುಗಿಸಿ ಚೆನ್ನೈಗೆ ಹಿಂದಿರುಗುವ ಹುಡುಗಿಯರು ಕೊಡೆಯನ್ನು ಮನೆಯಲ್ಲಿ ಬಿಟ್ಟುಹೋಗುವದನ್ನು ನಾನು ಎಷ್ಟು ಸಾರಿ ನೋಡಿದ್ದೇನೆ!

ಇನ್ನು ಬಟ್ಟೆಯ ಗುಣ. ಒಣಗಿದ 100 ಗ್ರಾಂ ಹತ್ತಿಯ ಬಟ್ಟೆಯನ್ನು ಸಾಧಾರಣ ತೇವದ ಗಾಳಿಯಲ್ಲಿ ಇಟ್ಟರೆ ಅದು ಸುಮಾರು 8 ಗ್ರಾಂ ನೀರನ್ನು ತನ್ನೊಳಗೆ ಎಳೆದುಕೊಳ್ಳುವದು. ಉಣ್ಣೆಯು 16 ಗ್ರಾಂ ಎಳೆದುಕೊಂಡರೂ ಮುಟ್ಟಿದರೆ ಒದ್ದೆಯೆನಿಸುವದಿಲ್ಲ. ಪೋಲಿಯೆಸ್ಟರು ಅರ್ಧ ಗ್ರಾಮನ್ನೂ ಎಳೆಯುವದಿಲ್ಲ. ಈ ಮೂರು ಅಂಕೆಗಳಲ್ಲಿ ನನ್ನ ಪಾಠದ ಬಹುಭಾಗ ಅಡಗಿದೆ. ಸೆಕೆಯಲ್ಲಿ ಬೆವರನ್ನು ಹೀರಿ ಮೈಯನ್ನು ತಂಪಾಗಿಡುವದು ಹತ್ತಿ. ಆದಕಾರಣ ವೇಲೂರಿಗೆ ತೆಳುವಾದ, ಸಡಿಲವಾದ ಹತ್ತಿಯ ಬಟ್ಟೆಗಳು. ಗಂಜಿ ಹಾಕಕೂಡದು, ಗಂಜಿಯು ಎಳೆಗಳ ನಡುವಿನ ಸಂದುಗಳನ್ನು ಮುಚ್ಚಿ ಗಾಳಿಯನ್ನು ತಡೆಯುವದು. ಮಂಗಳೂರಿನ ಮಳೆಗಾಲಕ್ಕಾದರೆ ಹತ್ತಿಯೇ ತೊಂದರೆ ಕೊಡುವದು. ಒಗೆದದ್ದು ಮೂರು ದಿನವಾದರೂ ಒಣಗುವದಿಲ್ಲ, ಬೂಷ್ಟು ಹಿಡಿಯುವದು, ಗಂಜಿ ಇದ್ದರೆ ಇನ್ನೂ ಬೇಗ. ಅಲ್ಲಿಗೆ ಹತ್ತಿಯೊಂದಿಗೆ ಪೋಲಿಯೆಸ್ಟರು ಬೆರೆತ ತೆಳು ಬಟ್ಟೆ ಒಳ್ಳೆಯದು. ತಾಯಂದಿರು ಒಂದು ಕಾಲದಲ್ಲಿ ಬೆಲೆಬಾಳುವದೆಂದು ಕೊಂಡ ಆ ನುಣುಪು ಸೀರೆಗಳನ್ನು ನಾನು ಪೂರಾ ಹಳಿಯುವವಳಲ್ಲ. ಅವುಗಳಿಗೆ ತಕ್ಕ ಊರುಂಟು. ಆದರೆ ಅಂಥವು ನಾಲ್ಕಿದ್ದರೂ ಚಳಿಗೆ ಏನೂ ಪ್ರಯೋಜನವಿಲ್ಲ.

ಏನೆಂದರೆ, ಚಳಿಯನ್ನು ತಡೆಯುವದು ಬಟ್ಟೆಯಲ್ಲ, ಬಟ್ಟೆಯೊಳಗೆ ಅಲುಗಾಡದೆ ನಿಂತಿರುವ ಗಾಳಿ. ಉಣ್ಣೆಯ ಎಳೆಯು ಸುರುಳಿಸುರುಳಿಯಾದದ್ದು. ಆ ಸುರುಳಿಗಳ ನಡುವೆ ಗಾಳಿ ಸೆರೆಯಾಗಿ ಮೈಯ ಬಿಸಿಯನ್ನು ಹೊರಗೆ ಬಿಡದು. ನುಣುಪಾದ ನೈಲಾನು ಸೀರೆಗಳು ಒಂದರ ಮೇಲೊಂದು ಅಂಟಿಕೊಳ್ಳುವವೇ ಹೊರತು ನಡುವೆ ಗಾಳಿಗೆ ಎಡೆಕೊಡವು. ನಮ್ಮ ಹಳ್ಳಿಗಳಲ್ಲಿ ಇದನ್ನು ಕುರುಬರು ಶಾಸ್ತ್ರವಿಲ್ಲದೆ ತಿಳಿದಿದ್ದರು. ಹುಣಿಸೆಬೀಜದ ಗಂಜಿ ಕೊಟ್ಟು ನೇಯ್ದ ಕರಿಯ ಕಂಬಳಿಯು ಕುರಿ ಕಾಯುವವನಿಗೆ ಹಗಲು ಮಳೆಯಲ್ಲಿ ಕೊಪ್ಪೆ, ಹೊಲದಲ್ಲಿ ಹಾಸು, ರಾತ್ರಿ ಹೊದಿಕೆ. ಒಂದೇ ವಸ್ತುವಿಗೆ ಇಷ್ಟು ಕೆಲಸ! ಹಗುರವಾದ ಪೆಟ್ಟಿಗೆಯ ಗುಟ್ಟು ಇದೇ. ಗುಬ್ಬಿಯ ಆ ಹುಡುಗಿಯ ಮನೆಯಲ್ಲಿಯೂ ಅಜ್ಜನ ಕಂಬಳಿಯೊಂದು ಗೂಟದಲ್ಲಿ ತೂಗುತ್ತಿತ್ತು. ಅದನ್ನು ಕೊಂಡೊಯ್ಯುವದು ನಾಚಿಕೆಯೆಂದು ಯಾರಿಗೂ ಹೊಳೆಯಲಿಲ್ಲ. ಅಥವಾ ಹೊಳೆದರೂ ಹೇಳಲಿಲ್ಲ.

ಕಂಬಳಿಯು ಭಾರ, ಅದನ್ನೇ ಒಯ್ಯಿರೆಂದು ಈಗ ಹೇಳಲಾರೆನು. ಅದರ ಬದಲಾಗಿ ಪದರಗಳನ್ನು ಹೇಳುತ್ತೇನೆ. ಮೈಗೆ ಹತ್ತಿ ಒಂದು ತೆಳುವಾದ ಉಣ್ಣೆಯ ಒಳಉಡುಪು, ಈಗ ಅಂಗಡಿಗಳಲ್ಲಿ ಥರ್ಮಲ್ ಎಂದು ಕೇಳಿದರೆ ಕೊಡುವರು. ಅದರ ಮೇಲೆ ಎಂದಿನ ಬಟ್ಟೆ. ಅದರ ಮೇಲೆ ಉದ್ದ ತೋಳಿನ ಉಣ್ಣೆಯ ಸ್ವೆಟರು. ಎಲ್ಲದರ ಮೇಲೆ ಗಾಳಿಯನ್ನು ತಡೆಯುವ, ಮಳೆಯಲ್ಲಿ ನೆನೆಯದ ತೆಳು ಅಂಗಿ. ಹಗಲೇರಿದಂತೆ ಒಂದೊಂದಾಗಿ ತೆಗೆಯಬಹುದು. ಒಂದೇ ದಪ್ಪ ಕೋಟನ್ನು ಕೊಂಡವಳು ಬೆಳಿಗ್ಗೆ ನಡುಗುವದಿಲ್ಲ ನಿಜ, ಆದರೆ ಮಧ್ಯಾಹ್ನ ಅದನ್ನು ತೋಳಿನ ಮೇಲೆ ಹೊತ್ತು ತಿರುಗುವಳು. ಇದೇ ನಾಲ್ಕು ಪದರಗಳಲ್ಲಿ ಒಂದೆರಡು ಬೆಂಗಳೂರಿಗೆ ಸಾಕು, ಮೂರು ಉದಕಮಂಡಲಕ್ಕೆ, ನಾಲ್ಕೂ ಸೇರಿ ಲುಧಿಯಾನಕ್ಕೆ. ಸೀರೆ ಉಡುವವರು ಸೊಂಟದ ಹತ್ತಿರ ಬಿಡುವಾಗುವ ಎಡೆಯನ್ನು ಮರೆಯಬಾರದು. ಸ್ವೆಟರು ಅಲ್ಲಿಗಿಂತ ಕೆಳಗೆ ಇಳಿಯಲಿ. ಉಣ್ಣೆಯ ಕಾಲುಚೀಲ ಎರಡು ಜೊತೆ. ಕಾಲು ತಣ್ಣಗಿದ್ದರೆ ನಿದ್ರೆ ಬಾರದೆಂಬದನ್ನು ಆ ಕಾಗದದಿಂದ ಕಲಿತೆನು.

ಎಷ್ಟು ಬಟ್ಟೆ ಎಂಬ ಪ್ರಶ್ನೆಗೆ ನನ್ನ ಉತ್ತರವನ್ನು ಕೇಳಿ ತಾಯಂದಿರು ಮುಖ ಸಣ್ಣದು ಮಾಡಿಕೊಳ್ಳುವರು. ಮೂರು. ಉಟ್ಟದ್ದು ಒಂದು, ಒಗೆದು ಹಾಕಿದ್ದು ಒಂದು, ಮಡಿಸಿ ಇಟ್ಟದ್ದು ಒಂದು. ಮಂಗಳೂರಿನ ಮಳೆಗಾಲಕ್ಕೆ ಇನ್ನೆರಡನ್ನು ಸೇರಿಸಿರಿ. ಮೂರು ಸೀರೆಗೆ ಎರಡು ರವಿಕೆಗಳು ಎಲ್ಲಕ್ಕೂ ಹೊಂದುವ ಬಣ್ಣದವಾದರೆ ಆರು ತರದ ಉಡುಪು. ಮೂರು ಕಮೀಜಿಗೆ ಎರಡು ಸಲ್ವಾರುಗಳಾದರೂ ಇದೇ ಲೆಕ್ಕ. ಒಂದೊಂದು ಸೀರೆಗೆ ಒಂದೊಂದೇ ರವಿಕೆ ಹೊಂದುವಂತೆ ಹೊಲಿಸಿದವಳಿಗೆ ಮೂರರಿಂದ ಮೂರೇ. ಇದು ಮಗ್ಗಿಯ ಲೆಕ್ಕ, ಐಶ್ವರ್ಯದ ಲೆಕ್ಕವಲ್ಲ. ಒಂದು ಹಗುರ ಹತ್ತಿಯ ಸೀರೆಯು ಉಡುವದಕ್ಕಲ್ಲದೆ ರೈಲಿನಲ್ಲಿ ಹಾಸಿಗೆ, ಮಡಿಸಿದರೆ ತಲೆದಿಂಬು, ಕಟ್ಟಿದರೆ ತೆರೆ. ನಿಮ್ಮ ಮಗಳು ಸೀರೆಯನ್ನು ಉಡುವವಳಲ್ಲದಿದ್ದರೂ ಅಂಥದ್ದೊಂದನ್ನು ಕೊಟ್ಟು ಕಳುಹಿಸಿರಿ.

ಮೂರೇ ಬಟ್ಟೆಯಾದರೆ ರಾತ್ರಿ ಒಗೆದದ್ದು ಬೆಳಿಗ್ಗೆ ಒಣಗಬೇಕಷ್ಟೆ. ಇದಕ್ಕೆ ಒಂದು ಉಪಾಯವುಂಟು. ಒಗೆದು ಹಿಂಡಿದ ಬಟ್ಟೆಯನ್ನು ಒಣಗಿದ ದಪ್ಪ ಟವಲಿನ ಮೇಲೆ ಹರಡಿ, ಎರಡನ್ನೂ ಸೇರಿಸಿ ಚಾಪೆಯಂತೆ ಸುತ್ತಿ, ಮೊಣಕಾಲಿನಿಂದ ಒತ್ತಬೇಕು. ನೀರಿನ ಬಹುಪಾಲನ್ನು ಟವಲು ಹೀರುವದು. ತೆಳುವಾದ ಬಟ್ಟೆಯು ಬೆಳಗಾಗುವಷ್ಟರಲ್ಲಿ ಒಣಗುವದು. ಉಣ್ಣೆಯ ಬಟ್ಟೆಯನ್ನು ಬಿಸಿನೀರಿನಲ್ಲಿ ಹಾಕಬೇಡಿರಿ, ಉಜ್ಜಲೂ ಬೇಡಿರಿ. ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಸ್ವೆಟರು ತಂಗಿಗೆ ಸರಿಹೋಗುವಷ್ಟು ಚಿಕ್ಕದಾಗುವದು. ತಣ್ಣೀರು, ಸ್ವಲ್ಪ ಸಾಬೂನು, ಹಾಸಿಟ್ಟು ನೆರಳಿನಲ್ಲಿ ಒಣಗಿಸುವದು.

ಪ್ರಯಾಣದ ದಿನದ ಬಟ್ಟೆಗೆ ಧೂಳಿನ ಬಣ್ಣವೇ ಶ್ರೇಷ್ಠ. ಖಾಕಿ ಎಂಬ ಮಾತಿಗೆ ಅರ್ಥವೇ ಧೂಳಿನದು ಎಂದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರ ನೇಯ್ಗೆಯ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಹಾಲರ್ ಎಂಬ ನೇಯ್ಗೆಯವರು ಆ ಬಣ್ಣವನ್ನು ಸಿದ್ಧಪಡಿಸಿದರೆಂದು ಹೇಳುವದುಂಟು. ಸಿಪಾಯಿಗಳಂತೆ ಉಡಿರೆಂದು ನಾನು ಹೇಳುವದಿಲ್ಲ. ಆದರೆ ಬಿಳಿಯ ಸೀರೆಯನ್ನುಟ್ಟು ಎರಡು ರಾತ್ರಿ ರೈಲಿನಲ್ಲಿ ಕುಳಿತವಳು ಇಳಿಯುವ ಊರಿನಲ್ಲಿ ಹೇಗೆ ಕಾಣುವಳೆಂಬದನ್ನು ಯೋಚಿಸಿರಿ.

ಭಾರದ ವಿಷಯ. ಗುಬ್ಬಿಯವರು ಪ್ರಯಾಣಕ್ಕೆ ಹೆಸರಾದವರು. 1884ರಲ್ಲಿ ಸ್ಥಾಪಿತವಾಗಿ, ಮುಂದೆ ವೀರಣ್ಣನವರಿಂದ ದೇಶಪ್ರಸಿದ್ಧವಾದ ಅಲ್ಲಿನ ನಾಟಕ ಕಂಪೆನಿಯು ಪರದೆ, ಕಿರೀಟ, ಉಡುಪುಗಳನ್ನು ಹೊತ್ತುಕೊಂಡು ಊರಿಂದ ಊರಿಗೆ ಹೋಗುತ್ತಿತ್ತು. ಕುರುಕ್ಷೇತ್ರ ನಾಟಕದಲ್ಲಿ ರಂಗದ ಮೇಲೆ ನಿಜವಾದ ಆನೆಗಳನ್ನೇ ತಂದರು. ಅವರಿಗೆ ಅದು ತಕ್ಕದ್ದೇ. ಹಾಸ್ಟೆಲಿನ ಒಂದು ಮಂಚದ ಕೆಳಗೆ ತನ್ನ ಸಂಸಾರವನ್ನೆಲ್ಲಾ ಇಡಬೇಕಾದ ಹುಡುಗಿಯ ಹಿಂದೆ ಆನೆಯೂ ಇಲ್ಲ, ಆಳೂ ಇಲ್ಲ. ರೈಲಿನವರು ಸ್ಲೀಪರ್ ದರ್ಜೆಯಲ್ಲಿ 40 ಕಿಲೋ ವರೆಗೆ ಬಿಡುವರು. ವಿಮಾನದವರು ದೇಶದೊಳಗೆ ಸಾಮಾನ್ಯವಾಗಿ 15 ಕಿಲೋ ಮತ್ತು ಕೈಯಲ್ಲಿ 7 ಕಿಲೋ. ಆದರೆ ಅವರು ಬಿಡುವಷ್ಟನ್ನು ನಮ್ಮ ತೋಳು ಬಿಡಬೇಕಲ್ಲವೇ? ಕುಣಿಗಲಿಗೆ ರೈಲು ಬಂದದ್ದು 2017ರಲ್ಲಿ. ಅದಕ್ಕೆ ಮುಂಚೆ ಅಲ್ಲಿನ ಹುಡುಗಿಯು ಟ್ರಂಕನ್ನು ಬಸ್ಸಿನ ಮೇಲೆ ಏರಿಸಿ, ಬೆಂಗಳೂರಿನಲ್ಲಿ ಇಳಿಸಿ, ರೈಲಿಗೆ ಹೊರಿಸಿ ಹೋಗಬೇಕಾಗಿತ್ತು. ಖಾಲಿಯಾದ ತಗಡಿನ ಟ್ರಂಕೇ ನಾಲ್ಕೈದು ಕಿಲೋ ತೂಗುವದು. ಬಟ್ಟೆಬರೆಗೆಲ್ಲಾ ಸೇರಿ ಎಂಟು ಕಿಲೋ ಎಂಬದು ನನ್ನ ಅಳತೆ. ಪುಸ್ತಕಗಳಿಗೂ ಅಮ್ಮನ ಉಪ್ಪಿನಕಾಯಿಗೂ ಸ್ವಲ್ಪ ಎಡೆ ಬೇಕಷ್ಟೆ.

ಹೊರಡುವ ಹುಡುಗಿಯರಿಗೆ ನಾನು ಒಂದು ಪರೀಕ್ಷೆಯನ್ನು ಇಡುತ್ತಿದ್ದೆನು. ತುಂಬಿದ ಚೀಲವನ್ನು ತಾನೇ ಹೊತ್ತು ಶಾಲೆಯ ಮಹಡಿಯ ಮೆಟ್ಟಲನ್ನು ಹತ್ತಿ ಇಳಿದು, ಆಟದ ಬಯಲನ್ನು ಒಂದು ಸುತ್ತು ಬರಬೇಕು. ರೈಲು ನಿಲ್ದಾಣದ ಮೇಲುಸೇತುವೆಗೆ ಇದು ಸರಿಯಾದ ತಾಲೀಮು. ಅರ್ಧ ಸುತ್ತಿನಲ್ಲಿ ಕೈ ಬದಲಾಯಿಸಿದವಳು ಒಂದು ಬಟ್ಟೆ ತೆಗೆಯಬೇಕು; ನಿಂತವಳು ಎರಡು. ಬಹಳ ನಗುತ್ತಿದ್ದರು. ಆದರೆ ನಡುರಾತ್ರಿ ರೈಲು ಬದಲಾಯಿಸುವಾಗ, ಸಾಮಾನು ಹೊತ್ತುಕೊಡುವೆನೆಂದು ಹತ್ತಿರ ಬರುವ ಅಪರಿಚಿತನಿಗೆ ಬೇಡವೆಂದು ಹೇಳಿ ತನ್ನ ಚೀಲವನ್ನು ತಾನೇ ಎತ್ತಿಕೊಂಡು ನಡೆಯಬಲ್ಲವಳ ಧೈರ್ಯವೇ ಬೇರೆ. ತಂದೆಗಳು ಇದನ್ನು ಗಮನಿಸಬೇಕು.

ತಾಯಂದಿರಿಗೆ ಒಂದು ಮಾತು. ಮಗಳ ಪೆಟ್ಟಿಗೆಯಲ್ಲಿ ನಮ್ಮ ಮನೆಯ ಮಾನವನ್ನು ಮಡಿಸಿ ಇಡುತ್ತೇವೆಂಬದನ್ನು ನಾನು ಬಲ್ಲೆನು. ಹಬ್ಬಕ್ಕೂ ಆರಾಧನೆಗೂ ಒಂದು ರೇಷ್ಮೆಯ ಸೀರೆ ಇರಲಿ. ಅದು ಹಗುರ, ಸಣ್ಣದಾಗಿ ಮಡಿಸಬಹುದು, ಚಳಿಯಲ್ಲಿ ಹತ್ತಿಗಿಂತ ಬೆಚ್ಚಗೂ ಇರುವದು. ಆದರೆ ಎರಡನೆಯ ರೇಷ್ಮೆಗೆ ಕೊಡುವ ಹಣದಿಂದ ಒಳ್ಳೆಯ ಉಣ್ಣೆಯ ಸ್ವೆಟರನ್ನು ಕೊಳ್ಳಿರಿ. ಅದನ್ನು ತುಮಕೂರಿನ ಅಂಗಡಿಗಳಲ್ಲಿ ಹುಡುಕಿ ಸಿಗದಿದ್ದರೆ, ಹಣವನ್ನು ಬೇರೆ ಲಕೋಟೆಯಲ್ಲಿ ಹಾಕಿ ಮೇಲೆ ಸ್ವೆಟರಿಗೆ ಎಂದು ಬರೆದು ಅವಳ ಕೈಯಲ್ಲಿ ಕೊಡಿರಿ. ಚಳಿಯ ಊರಿನಲ್ಲಿಯೇ ಒಳ್ಳೆಯದು ಸಿಗುವದು. ಹೆಸರು ಬರೆದ ಹಣವನ್ನು ಖರ್ಚುಮಾಡಲು ಮಗಳಿಗೆ ಸಂಕೋಚವಾಗುವದಿಲ್ಲ, ಮನೆಗೆ ಕಾಗದ ಬರೆಯಬೇಕಾದ ಕಷ್ಟವೂ ಇಲ್ಲ.

ಕಡೆಯದಾಗಿ, ಒಯ್ದ ಬಟ್ಟೆಗಳ ಪಟ್ಟಿಯನ್ನು ಪೆಟ್ಟಿಗೆಯ ಮುಚ್ಚಳದ ಒಳಗಡೆ ಅಂಟಿಸಿರಿ. ರಜೆಗೆ ಮನೆಗೆ ಬಂದ ದಿವಸ ಮಗಳ ಜೊತೆಯಲ್ಲಿ ಕುಳಿತು, ಒಂದು ಸಾರಿಯೂ ಉಡದೆ ಬಂದದ್ದಕ್ಕೆ ಗೀಟು ಹಾಕಿರಿ. ಬೇಕಾಗಿದ್ದು ಇಲ್ಲದೆಹೋದದ್ದನ್ನು ಕೆಳಗೆ ಬರೆಯಿಸಿರಿ. ಅಂಥ ಪಟ್ಟಿಗಳನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಊರಿನ ಹೆಸರನ್ನೂ ತಿಂಗಳನ್ನೂ ಸೇರಿಸಿ ಶಾಲೆಗೆ ಕಳುಹಿಸಿದರೆ, ಮುಂದಿನ ವರ್ಷ ಅದೇ ಊರಿಗೆ ಹೊರಡುವ ಹುಡುಗಿಗೆ ಓದಿ ಹೇಳಬಹುದು. ಗುಬ್ಬಿಯವಳು ತನ್ನದನ್ನು ಬಹಳ ಹಿಂದೆಯೇ ಕಳುಹಿಸಿಕೊಟ್ಟಿದ್ದಾಳೆ. ಅದರಲ್ಲಿ ಮೊದಲನೆಯ ಸಾಲಿನಲ್ಲಿ ಇರುವದು ಕಾಲುಚೀಲ.